ಕಂಬಿಯಿಂದ ಬಿಡಿಸಿದ ಕಾಗದ

ಜನವರಿ ತಿಂಗಳ ಮೂರನೆಯ ಮಂಗಳವಾರ, ಬೆಳಿಗ್ಗೆ ಒಂಬತ್ತು ಮೂವತ್ತೈದು. ಸ್ಥಳ, ಪುತ್ತೂರಿನ ಪತ್ರಾಗಾರದ ಓದುವ ಕೋಣೆ. ಹಾಜರಿದ್ದವರು ನಾಲ್ಕು ಮಂದಿ: ನಾನು; ಬೀಗ ತೆಗೆದು, ಗುಡಿಸಿ, ಚಹಾ ಮಾಡುವ ನಮ್ಮ ಸಹಾಯಕಿ; ಗುತ್ತಿಗಾರಿನಿಂದ ಬಂದ, ನನಗಿಂತ ಏಳೆಂಟು ವರ್ಷ ಹಿರಿಯರಾದ ಒಬ್ಬ ಅಮ್ಮ; ಅವರನ್ನು ಕರೆದುಕೊಂಡು ಬಂದ ಅವರ ಅಣ್ಣನ ಮಗಳು, ನರಿಮೊಗರಿನವರು.

ಅಂದಿನ ದಿನಚರಿಯಲ್ಲಿ ನಾನು ಇಷ್ಟನ್ನೇ ಬರೆದು ಮುಚ್ಚಿದ್ದೆ. ಫೆಬ್ರವರಿಯಲ್ಲಿ ಆ ಅಮ್ಮನ ಅಣ್ಣ ತೀರಿಕೊಂಡ ಸುದ್ದಿ ಬಂತು. ಆ ಮೇಲೆ ಉಳಿದದ್ದನ್ನೂ ಬರೆದಿಡಬೇಕು ಅನಿಸಿತು. ದಿನಚರಿಯಲ್ಲಿ ಖಾಲಿ ಬಿಟ್ಟ ಜಾಗ ನನಗೆ ಎಂದೂ ಹಿತವಲ್ಲ.

ನಾನು ಸರಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಎಂಟಕ್ಕೆ ಗಂಜಿ, ಒಂಬತ್ತಕ್ಕೆ ಮನೆಯಿಂದ ಹೊರಡುವುದು, ನಿವೃತ್ತನಾದ ಮೇಲೂ ಇದೇ. ನನ್ನ ಹೆಂಡತಿ ಇದ್ದಾಗ ನೆರೆಯವರೊಡನೆ ಹೇಳುತ್ತಿದ್ದಳು: “ನಮ್ಮಲ್ಲಿ ಗಡಿಯಾರಕ್ಕೆ ಕೀಲಿ ಕೊಡುದು ಬೇಡ. ಇವರು ಚಪ್ಪಲಿ ಹಾಕಿದರೆ ಒಂಬತ್ತು.” ಪತ್ರಾಗಾರವನ್ನು ನಡೆಸುವವರು ಒಂದು ದಿನ ಬಂದು, “ನಿಮ್ಮಂಥವರು ವಾರಕ್ಕೆ ಮೂರು ದಿನ ಬಂದರೆ ನಮ್ಮ ಪುಣ್ಯ” ಎಂದರು. ನಾನು ಆರು ದಿನ ಹೋದೆ.

ಅಲ್ಲಿಗೆ ಬರುವುದು ಊರಿನ ಮನೆಗಳ ಕಾಗದ. ಕಡಬದಲ್ಲೋ ನೆಲ್ಯಾಡಿಯಲ್ಲೋ ಹಳೆಯ ಮನೆಯನ್ನು ಕೆಡವುವಾಗ ಅಟ್ಟದಿಂದ ಗೋಣಿಚೀಲ ಇಳಿಯುತ್ತದೆ. ಅದರಲ್ಲಿ ಮದುವೆ ಕಾಗದ, ಜಾತಕ, ಶಾಲೆಯ ಪ್ರಗತಿಪತ್ರ, ಅರಬ್ಬೀ ದೇಶದಿಂದ ಬಂದ ನೀಲಿ ಕಾಗದ, ಅಣ್ಣ ತಮ್ಮಂದಿರ ಜಗಳದ ಕಾಗದ ಎಲ್ಲವೂ ಇರುತ್ತವೆ. ನಾವು ಧೂಳು ತೆಗೆದು, ಮಡಿಕೆ ಬಿಡಿಸಿ, ದಿನಾಂಕದ ಪ್ರಕಾರ ಜೋಡಿಸಿ, ನಂಬರು ಹಾಕಿ, ರಿಜಿಸ್ಟರಿನಲ್ಲಿ ಏರಿಸಿ ಪೆಟ್ಟಿಗೆಯಲ್ಲಿ ಇಡುತ್ತೇವೆ. ‘ದಿನಾಂಕದ ಪ್ರಕಾರ’ ಎನ್ನುವ ನಿಯಮ ನಾನು ತಂದದ್ದು. ಅದರ ಮೊದಲು ಅಲ್ಲಿ ನಿಯಮವೇ ಇರಲಿಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಕಾಗದ ಇಡುತ್ತಿದ್ದ ರೀತಿಯನ್ನು ಇಲ್ಲಿ ಹೇಳಬೇಕು. ಜಗಲಿಯ ಅಡ್ಡೆಯಿಂದ, ಎಂದರೆ ಮಾಡಿನ ತೊಲೆಯಿಂದ, ಒಂದು ಕಬ್ಬಿಣದ ಕಂಬಿ ತೂಗುತ್ತಿತ್ತು. ಅದರ ಕೆಳತುದಿಗೆ ಒಂದು ಮರದ ಬಿಲ್ಲೆ, ಮೇಲಿನ ತುದಿ ಕೊಕ್ಕೆಯ ಹಾಗೆ ಬಾಗಿ ಚೂಪಾಗಿರುತ್ತಿತ್ತು. ಮನೆಗೆ ಬಂದ ಕಾಗದವನ್ನು ಓದಿದ ಮೇಲೆ ಆ ಚೂಪು ತುದಿಗೆ ಚುಚ್ಚಿ ಕೆಳಗೆ ಇಳಿಸುವುದು. ಮೊದಲು ಬಂದದ್ದು ಅಡಿಯಲ್ಲಿ, ಆಮೇಲೆ ಬಂದದ್ದು ಅದರ ಮೇಲೆ. ಕಂಬಿ ತುಂಬಿದರೆ ಅದನ್ನು ಅಟ್ಟಕ್ಕೆ ಹಾಕಿ ಹೊಸದನ್ನು ತೂಗಿಸುತ್ತಿದ್ದರು. ಕಡಬದಲ್ಲಿ ನನ್ನ ಅಪ್ಪನ ಮನೆಯಲ್ಲೂ ಒಂದಿತ್ತು. ಅಪ್ಪ ದಿನಾಂಕ ಹೇಳಿ ಕಾಗದ ಹುಡುಕಿಸಿದ್ದು ನನಗೆ ನೆನಪೇ ಇಲ್ಲ. “ಚಿಕ್ಕಪ್ಪನ ಮದುವೆ ಕಾಗದ ಉಂಟಲ್ಲ, ಅದರ ಕೆಳಗಿನದ್ದು ನೋಡು” ಎನ್ನುತ್ತಿದ್ದರು. ಕಾಗದ ಅಲ್ಲೇ ಇರುತ್ತಿತ್ತು.

ಇದೆಲ್ಲ ನನಗೆ ಗೊತ್ತಿತ್ತು. ಮುಂದೆ ಹೇಳುವ ತಪ್ಪನ್ನು ಬೇರೆ ಊರಿನಿಂದ ಬಂದ ಯಾರೋ ಮಾಡಿದ್ದರೆ ಕ್ಷಮೆ ಇತ್ತು.

ಆ ದಿನ ಗುತ್ತಿಗಾರಿನ ಅಮ್ಮ ಬೆತ್ತವನ್ನು ಬಾಗಿಲಿಗೆ ಒರಗಿಸಿ, ಸೆರಗು ಸರಿಮಾಡಿ, ನಾನು ತೋರಿಸಿದ ಕುರ್ಚಿಯಲ್ಲಿ ಕೂತರು. ಅಣ್ಣನ ಮಗಳು ನಿಂತೇ ಮಾತಾಡಿದರು. ಐವತ್ತು ದಾಟಿದ ಹೆಂಗಸು, ನರಿಮೊಗರಿನ ಶಾಲೆಯಲ್ಲಿ ಪಾಠ ಮಾಡುವವರು.

“ಸಾರ್, ಹೋದ ವರ್ಷ ನಮ್ಮ ಹಳೆ ಮನೆ ತೆಗೆಯುವಾಗ ನಾಲ್ಕು ಕಂಬಿ ತಂದು ಕೊಟ್ಟದ್ದು ನಾನೇ. ನೆನಪು ಉಂಟಾ?”

“ಉಂಟು. ನಾಲ್ಕೂ ರಿಜಿಸ್ಟರಿನಲ್ಲಿ ಏರಿಸಿದ್ದೇನೆ,” ಎಂದೆ.

“ಅದರಲ್ಲಿ ಒಂದನ್ನು ನಮ್ಮ ಅತ್ತೆಗೆ ನೋಡಬೇಕಂತೆ. ಕಾಗದ ಓದಲಿಕ್ಕೆ ಅಲ್ಲ, ಕಂಬಿ ನೋಡಲಿಕ್ಕೆ.”

ಓದಲಿಕ್ಕೆ ಅಲ್ಲದೆ ನೋಡಲಿಕ್ಕೆ ಎಂದರೆ ಏನು ಎಂದು ನನಗೆ ಅರ್ಥವಾಗಲಿಲ್ಲ. ನಿಯಮದ ಪ್ರಕಾರ ಬಂದವರು ಒಂದು ಚೀಟಿ ತುಂಬಿಸಬೇಕು: ಬೇಕಾದ ಕಾಗದ ಯಾವುದು, ಯಾತಕ್ಕೆ ಬೇಕು. ಚೀಟಿಯನ್ನು ಮುಂದಿಟ್ಟೆ. ಅಮ್ಮ ಪೆನ್ನು ಹಿಡಿದು ನಿಧಾನವಾಗಿ ಬರೆದರು. “ಸೊಸೈಟಿ ನೋಟೀಸಿನ ಕೆಳಗೆ ನನ್ನ ಕಾಗದವೋ ಮೇಲೆ ನನ್ನ ಕಾಗದವೋ ನೋಡಲಿಕ್ಕೆ.” ಅಕ್ಷರ ದುಂಡಗೆ, ಗೆರೆ ತಪ್ಪದೆ ಇತ್ತು.

ನಾನು ಓದಿದೆ. ಇನ್ನೊಮ್ಮೆ ಓದಿದೆ. ಆದರೂ ಕೇಳಿದೆ, “ಯಾವ ಕಾಗದ ಅಮ್ಮ?”

ಅವರು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಆಗ ಅವರಿಗೆ ಇಪ್ಪತ್ತೆರಡು ವರ್ಷ. ಗುತ್ತಿಗಾರಿನಲ್ಲಿ ಕಾಡಿನಂಚಿನ ಗಂಡನ ಮನೆ. ಗಂಡ ಕೆಲಸಕ್ಕೆಂದು ಘಟ್ಟದ ಮೇಲೆ ಹೋಗಿದ್ದರು. ಒಂದು ವರ್ಷದ ಹೆಣ್ಣುಮಗುವಿಗೆ ಜ್ವರ ಹಿಡಿದು ಬಿಡಲಿಲ್ಲ. ಪುತ್ತೂರಿನ ಆಸ್ಪತ್ರೆಗೆ ಹೋಗಬೇಕು, ವಾಹನವಿಲ್ಲ. ನರಿಮೊಗರಿನಲ್ಲಿ ತವರು, ಅಣ್ಣನಲ್ಲಿ ಜೀಪು ಇತ್ತು. ಅಂಚೆಗೆ ಹಾಕಿದರೆ ಎರಡು ಮೂರು ದಿನ ಎಂದು ಒಂದು ಹಾಳೆಯಲ್ಲಿ ಮೂರು ಸಾಲು ಬರೆದು, ಬೆಳಗಿನ ಬಸ್ಸಿನ ಕಂಡಕ್ಟರನ ಕೈಯಲ್ಲಿ ಕೊಟ್ಟರು. ಆಗ ನಮ್ಮಲ್ಲಿ ಎಲ್ಲರೂ ಹಾಗೆ ಮಾಡುತ್ತಿದ್ದರು. ಕಂಡಕ್ಟರ್ ಅದನ್ನು ಮಾರ್ಗದ ಬದಿಯ ಬ್ಯಾರಿಯವರ ಅಂಗಡಿಯಲ್ಲಿ ಕೊಡುವುದು, ಅಂಗಡಿಯವರು ತಕ್ಕಡಿಯ ಕಲ್ಲಿನ ಅಡಿಯಲ್ಲಿ ಇಡುವುದು, ಮನೆಯಿಂದ ಯಾರು ಬರುತ್ತಾರೋ ಅವರ ಕೈಗೆ ದಾಟಿಸುವುದು.

ಜೀಪು ಬರಲಿಲ್ಲ. ಮೂರನೆಯ ದಿನ ಮಗು ಹೋಯಿತು. ಮಾವನವರು ಸಾವಿನ ಕಾರ್ಡು ಹಾಕಿದರು. ಕಾರ್ಡು ಮುಟ್ಟಿದ ದಿನವೇ ಅಣ್ಣ ಜೀಪಿನಲ್ಲಿ ಬಂದ.

“ಬಂದು ಎಂತ ಹೇಳಿದ ಗೊತ್ತುಂಟಾ?” ಅಮ್ಮ ನನ್ನನ್ನೇ ನೋಡಿ ಕೇಳಿದರು. “ಕಾರ್ಡು ಮೊದಲು ಸಿಕ್ಕಿತು, ನಿನ್ನ ಕಾಗದ ಆಮೇಲೆ ಸಿಕ್ಕಿದ್ದು ಅಂತ. ಕಾರ್ಡು ಓದಿ ಜೀಪು ಹೊರಡಿಸಿ ಬರುವಾಗ ಅಂಗಡಿಯವರು ಅಡ್ಡ ಹಾಕಿ ಕಾಗದ ಕೊಟ್ಟರಂತೆ. ಐದಾರು ದಿನ ಮನೆಯಿಂದ ಯಾರೂ ಅಂಗಡಿಗೆ ಇಳಿದಿರಲಿಲ್ಲವಂತೆ. ನಾನು ಕೇಳಿದೆ, ದಿನಾ ಎರಡು ಸರ್ತಿ ಬೀಡಿಗೆ ಇಳಿಯುವವ ನೀನು, ಐದಾರು ದಿನ ಬೀಡಿ ಬಿಟ್ಟಿದ್ದೆಯಾ ಅಂತ.”

“ಅಪ್ಪ ಎಂತ ಹೇಳಿದರು?” ಎಂದು ಅಣ್ಣನ ಮಗಳು ಕೇಳಿದರು. ಅವರಿಗೂ ಇದು ಹೊಸತಿರಬೇಕು.

“ಬೆನ್ನು ನೋವು, ಮಲಗಿದ್ದೆ ಅಂದ. ನಾನು ನಂಬಲಿಲ್ಲ. ಬಾಗಿಲು ಹಾಕಿದೆ.”

ಆಮೇಲೆ ಅವರ ತಂದೆ ಗುತ್ತಿಗಾರಿಗೆ ಬಂದರಂತೆ. ಮುದುಕರಿಗೆ ಓದಲು ಬರುತ್ತಿರಲಿಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಮೇಜಿನ ಮೇಲೆ ಇದ್ದ ಕಾಗದವನ್ನೆಲ್ಲ ಕಂಬಿಗೆ ಚುಚ್ಚುವುದು ಮಾತ್ರ ಅವರ ಕೆಲಸ, ಒಂದು ದಿನವೂ ತಪ್ಪುತ್ತಿರಲಿಲ್ಲ. ಸಾವಿನ ಕಾರ್ಡನ್ನು ಮನೆಯೊಳಗೆ ಇಡುವ ಕ್ರಮವಿಲ್ಲ. ಅದನ್ನು ಓದಿ ಹರಿದು ಅಂಗಳದ ಆಚೆ ಎಸೆದಿದ್ದರು. ಆದರೆ ಅದೇ ದಿನ ಅದೇ ಅಂಚೆಯವನು ಸಹಕಾರಿ ಸೊಸೈಟಿಯ ಸಭೆಯ ನೋಟೀಸನ್ನೂ ತಂದಿದ್ದ, ಗುಲಾಬಿ ಬಣ್ಣದ್ದು. ಅದು ಆ ಸಂಜೆ, ಅಣ್ಣ ಗುತ್ತಿಗಾರಿನಿಂದ ಮರಳುವ ಮೊದಲೇ, ಕಂಬಿಗೆ ಹೋಗಿತ್ತು. ತಂದೆ ಮಗಳಿಗೆ ಹೇಳಿದರಂತೆ, “ನನಗೆ ನೆನಪಿಲ್ಲ ಮಗಾ. ಕಂಬಿ ಅಲ್ಲೇ ಉಂಟು. ನೋಟೀಸಿನ ಮೇಲೆ ನಿನ್ನ ಕಾಗದ ಇದ್ದರೆ ಅವ ಹೇಳುದು ಸತ್ಯ. ಕೆಳಗೆ ಇದ್ದರೆ ಅವ ಕಳ್ಳ. ಬಂದು ನೋಡು.”

“ನೋಡಿದಿರಾ?” ಎಂದೆ.

“ಆ ಮನೆಯ ಮೆಟ್ಟಿಲು ಹತ್ತುದಿಲ್ಲ ಅಂದಿದ್ದೆ. ಹತ್ತಲಿಲ್ಲ. ಅಪ್ಪ ಹೋದಾಗಲೂ ಅಂಗಳದಲ್ಲೇ ನಿಂತು ಬಂದೆ. ಮತ್ತೆ ಮಾತಿಲ್ಲ.” ಅವರು ಬೆರಳಿನಿಂದ ಮೇಜಿನ ಅಂಚನ್ನು ಒರೆಸಿದರು. “ಈಗ ಅವನಿಗೆ ಎಂಬತ್ತು ದಾಟಿತು. ಮಲಗಿದಲ್ಲೇ. ಇವಳು ಬಂದು ಹೇಳಿದಳು, ಅಪ್ಪ ನಿಮ್ಮನ್ನು ಕೇಳ್ತಾರೆ ಅಂತ. ನಾನು ಹೇಳಿದೆ, ಮೊದಲು ಕಂಬಿ ನೋಡುದು. ಮೇಲೆ ಇದ್ದರೆ ಇವತ್ತೇ ಹೋಗಿ ಅವನ ಕಾಲು ಹಿಡಿಯುದು. ಕೆಳಗೆ ಇದ್ದರೆ ಹಾಗೇ ಮನೆಗೆ.”

“ಅತ್ತೆ, ಈಗ ಯಾಕೆ ಅದೆಲ್ಲ? ಸುಮ್ಮನೆ ಒಂದು ಸಲ ಬಂದು ಹೋಗಿ ಅಂತ ದಾರಿಯುದ್ದಕ್ಕೂ ಹೇಳ್ತಾ ಇದ್ದೇನೆ.”

“ನೀನು ಸುಮ್ಮನಿರು ಮಾರಾಯ್ತಿ. ಮಗು ಹೋದದ್ದು ನಿನ್ನದ್ದಲ್ಲ.”

ಹೊತ್ತು ಒಂಬತ್ತು ಐವತ್ತೈದು. ನಾನು ಎದ್ದು ಕಪಾಟಿನ ಹತ್ತಿರ ಹೋದೆ. ಪೆಟ್ಟಿಗೆ ಎಲ್ಲಿದೆ ಎಂದು ಹುಡುಕುವ ಅಗತ್ಯವಿರಲಿಲ್ಲ. ನನ್ನ ಕ್ರಮದಲ್ಲಿ ಯಾವ ಕಾಗದಕ್ಕೂ ಎರಡು ನಿಮಿಷಕ್ಕಿಂತ ಹೆಚ್ಚು ಬೇಡ. ಪೆಟ್ಟಿಗೆ ಇಳಿಸಿ, ಎರಡು ಕಡತ ತೆಗೆದು ಮೇಜಿನ ಮೇಲೆ ಇಟ್ಟೆ. ಒಂದರಲ್ಲಿ ಸೊಸೈಟಿಯ ನೋಟೀಸು, ದಿನಾಂಕದ ಪ್ರಕಾರ ತನ್ನ ಜಾಗದಲ್ಲಿ. ಇನ್ನೊಂದರಲ್ಲಿ ಅಮ್ಮನ ಮೂರು ಸಾಲಿನ ಕಾಗದ. ಆ ಕಡತದ ಮೇಲೆ ನನ್ನದೇ ಕೈಬರಹ: ‘ದಿನಾಂಕವಿಲ್ಲದವು’.

ಅಮ್ಮ ಎರಡು ಕಡತಗಳನ್ನೂ ನೋಡಿದರು. ಆಮೇಲೆ ಪೆಟ್ಟಿಗೆಯೊಳಗೆ ನೋಡಿದರು.

“ಕಂಬಿ ಎಲ್ಲಿ?”

“ಕಂಬಿಯಲ್ಲಿ ಇಲ್ಲ ಅಮ್ಮ. ಬಿಡಿಸಿ ಜೋಡಿಸಿದ್ದೇವೆ.”

“ಯಾರು ಬಿಡಿಸಿದ್ದು?”

“ನಾನು.”

“ಯಾಕೆ?”

“ಕ್ರಮದಲ್ಲಿ ಇರಲಿ ಅಂತ.”

“ಕ್ರಮದಲ್ಲೇ ಇತ್ತಲ್ಲ,” ಎಂದರು.

ಅವರು ಗಟ್ಟಿಯಾಗಿ ಹೇಳಲಿಲ್ಲ. ಸಹಾಯಕಿ ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು. ನನ್ನ ಸೇವೆಯಲ್ಲಿ ಮೇಲಧಿಕಾರಿಗಳು ಗದರಿದ್ದುಂಟು, ವಕೀಲರು ಕೂಗಾಡಿದ್ದುಂಟು. ಪ್ರತಿಯೊಂದಕ್ಕೂ ನನ್ನಲ್ಲಿ ನಿಯಮವನ್ನು ತೋರಿಸುವ ಉತ್ತರವಿತ್ತು. ಈ ಸಲ ಎರಡೂ ಕಡತಗಳನ್ನು ನನ್ನ ಕಡೆಗೆ ಎಳೆದುಕೊಂಡೆ.

ಮೊದಲು ನನ್ನ ನೆನಪನ್ನೇ ಹುಡುಕಿದೆ. ಆ ಕಾಗದ ಬಿಡಿಸಿದ ದಿನ ಚೆನ್ನಾಗಿ ನೆನಪಿದೆ. ಗೆರೆ ಹಾಕಿದ ಪುಸ್ತಕದ ಹಾಳೆ, ನಾಲ್ಕು ಮಡಿಕೆ. “ಮಗುವಿಗೆ ಜ್ವರ ಬಿಡಲಿಲ್ಲ. ಜೀಪು ತೆಗೆದುಕೊಂಡು ಕೂಡಲೇ ಬಾ. ಪುತ್ತೂರಿಗೆ ಹೋಗಬೇಕು.” ಇದನ್ನು ಓದಿದಾಗ ನನಗೆ ಬಂದದ್ದು ಅಸಮಾಧಾನ. ಇಷ್ಟು ತುರ್ತಿನ ಕಾಗದಕ್ಕೆ ದಿನಾಂಕ ಹಾಕಬಾರದೇ ಅನಿಸಿತ್ತು. ಮೂಲೆಯಲ್ಲಿ ಪೆನ್ಸಿಲಿನಿಂದ ‘ದಿ. ಇಲ್ಲ’ ಎಂದು ಬರೆದು ಪಕ್ಕಕ್ಕಿಟ್ಟಿದ್ದೆ. ಅದನ್ನು ಎಳೆದಾಗ ಕಂಬಿಯಲ್ಲಿ ಗುಲಾಬಿ ಕಾಗದ ಇನ್ನೂ ಉಳಿದಿತ್ತೇ, ಮೊದಲೇ ತೆಗೆದಾಗಿತ್ತೇ? ಆ ಜಾಗದಲ್ಲಿ ನೆನಪು ಖಾಲಿ.

ಎರಡನೆಯದಾಗಿ ತೂತುಗಳನ್ನು ನೋಡಿದೆ. ಒಂದೇ ಕಂಬಿಯಲ್ಲಿ ಒತ್ತಿಕೊಂಡು ಕೂತ ಕಾಗದಗಳ ತೂತಿನ ಸುತ್ತ ತುಕ್ಕಿನ ಬಳೆ ಮೂಡುತ್ತದೆ. ಮೇಲಿನದರ ಕಲೆ ಕೆಳಗಿನದಕ್ಕೆ ಇಳಿದಿರುತ್ತದೆ. ತಾಳೆ ಹಾಕಿದರೆ ನೆರೆಯ ಕಾಗದ ಯಾವುದೆಂದು ಒಂದಿಷ್ಟು ತಿಳಿಯುತ್ತದೆ. ನೋಟೀಸನ್ನೂ ಕಾಗದವನ್ನೂ ಕಿಟಕಿಯ ಬೆಳಕಿಗೆ ಹಿಡಿದೆ. ತೂತೇ ಇರಲಿಲ್ಲ. ಅಂಚು ಹರಿಯಬಾರದೆಂದು, ತುಕ್ಕನ್ನು ಕುಂಚದಿಂದ ತೆಗೆದು, ಹಿಂದಿನಿಂದ ತೆಳು ಕಾಗದದ ಪಟ್ಟಿ ಅಂಟಿಸಿದ್ದೆ. ಬಹಳ ಅಚ್ಚುಕಟ್ಟಾದ ಕೆಲಸ. ನೋಡಲು ಬಂದವರಿಗೆ ಮಾದರಿಯೆಂದು ಇದೇ ಪೆಟ್ಟಿಗೆಯನ್ನು ತೋರಿಸುತ್ತಿದ್ದೆವು.

“ಫೋಟೋ!” ಎಂದರು ಅಣ್ಣನ ಮಗಳು. “ಮನೆ ಕೆಡವುವ ಮೊದಲು ಅಟ್ಟದ ಫೋಟೋ ತೆಗೆದದ್ದುಂಟು. ಕಂಬಿಗಳೂ ಬಂದಿರಬೇಕು.”

ಮೊಬೈಲನ್ನು ಮೇಜಿನ ಮೇಲಿಟ್ಟು ನಾಲ್ವರೂ ಬಗ್ಗಿದೆವು. ಸಹಾಯಕಿ ತಟ್ಟೆಯನ್ನು ಕೆಳಗಿಟ್ಟು ಬಂದಳು. ಅಡ್ಡೆಯಲ್ಲಿ ನಾಲ್ಕು ಕಂಬಿಗಳು ಬಾಳೆಗೊನೆಯ ಹಾಗೆ ತೂಗುತ್ತಿದ್ದವು. ಅಣ್ಣನ ಮಗಳು ಬೆರಳಿನಿಂದ ಎಳೆದು ದೊಡ್ಡದು ಮಾಡಿದರು. ಎರಡನೆಯ ಕಂಬಿಯಲ್ಲಿ ಒಂದು ಗುಲಾಬಿ ಅಂಚು ಕಂಡಿತು.

“ಅಕೋ ನೋಟೀಸು!” ಸಹಾಯಕಿ ಕೂಗಿದಳು. “ಅಮ್ಮ, ನಿಮ್ಮದು ಯಾವ ಬಣ್ಣ?”

“ಬಿಳಿ,” ಎಂದರು ಅಮ್ಮ.

ಗುಲಾಬಿಯ ಮೇಲೆಯೂ ಬಿಳಿ, ಕೆಳಗೆಯೂ ಬಿಳಿ. ಧೂಳು ಹಿಡಿದ ಹತ್ತಾರು ಬಿಳಿ ಅಂಚುಗಳು. ಅಮ್ಮ ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ನೋಡಿದರು. ಬೆರಳು ತಾಗಿ ಚಿತ್ರ ಸರಿದುಹೋಯಿತು. ಅವರು ಮೊಬೈಲನ್ನು ಮೆಲ್ಲಗೆ ಅಣ್ಣನ ಮಗಳ ಕಡೆಗೆ ದೂಡಿದರು.

ನಾನು ರಿಜಿಸ್ಟರ್ ತರುವ ನೆವದಿಂದ ಪಡಸಾಲೆಗೆ ಹೋದೆ. ಅಣ್ಣನ ಮಗಳು ಹಿಂದೆಯೇ ಬಂದರು.

“ಸಾರ್, ಮೇಲೆ ಇತ್ತು ಅಂತ ಹೇಳಿ. ಈಗ ನೆನಪಾಯ್ತು ಅಂತ ಹೇಳಿ.”

“ನನಗೆ ನೆನಪಿಲ್ಲವಲ್ಲ.”

“ಇಲ್ಲ ಅಂತ ನನಗೂ ಗೊತ್ತುಂಟು. ನಿಮಗೆ ಎಂತ ನಷ್ಟ? ಇಲ್ಲಿಂದ ನರಿಮೊಗರಿಗೆ ಎಷ್ಟು ದೂರ? ಅಪ್ಪ ದಿನಾ ಬಾಗಿಲ ಕಡೆ ಮುಖ ಮಾಡಿ ಮಲಗುದು. ಹೆಸರು ಹೇಳಲಿಕ್ಕೆ ಆಗುದಿಲ್ಲ, ಗುತ್ತಿಗಾರು, ಗುತ್ತಿಗಾರು ಅಂತ ಊರಿನ ಹೆಸರು ಹೇಳುದು. ಒಂದು ಮಾತು ಸಾರ್.”

ಆ ಮಾತನ್ನು ಹೇಳುವ ಯೋಚನೆ ಬರಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ಯೋಚಿಸಿದೆ. ರಿಜಿಸ್ಟರನ್ನು ಕೈಗೆತ್ತಿಕೊಂಡೆ. ಮೇಲೆ ಇತ್ತು. ಎರಡೇ ಶಬ್ದ. ಇಷ್ಟು ವರ್ಷ ನಾನು ಸಹಿ ಹಾಕಿದ ಯಾವ ನಕಲಿನಲ್ಲೂ ಮೂಲದಲ್ಲಿ ಇಲ್ಲದ ಒಂದು ಅಕ್ಷರವಿಲ್ಲ. ಅದು ನನ್ನ ಹೆಮ್ಮೆ. ಆ ಹೆಮ್ಮೆಯ ಕೈಯೇ ಕಂಬಿಯಿಂದ ಕಾಗದಗಳನ್ನು ಎಳೆದದ್ದು ಎಂಬುದೂ ಆಗಲೇ ಹೊಳೆಯಿತು. ಒಂದು ಬಾರಿ ಹಾಳು ಮಾಡಿದವನು ಎರಡನೆಯ ಬಾರಿ ಸುಳ್ಳು ಹೇಳಿ ಸರಿ ಮಾಡುವುದೇ?

“ಆಗುದಿಲ್ಲ ಟೀಚರ್,” ಎಂದೆ.

“ಆಯ್ತು ಸಾರ್. ನಿಮ್ಮ ಸತ್ಯ ನಿಮ್ಮ ಕಪಾಟಿನಲ್ಲಿ ಇರಲಿ,” ಎಂದು ಅವರು ಒಳಗೆ ಹೋದರು.

ಅವರು ಹೇಳಿದ್ದು ತಪ್ಪೆಂದು ಇವತ್ತಿಗೂ ನನಗೆ ಹೇಳಲಾಗುವುದಿಲ್ಲ.

ನಾನು ಮರಳಿ ಹೋಗುವಾಗ ಸಹಾಯಕಿ ಹಿಂದಿನ ಕೋಣೆಯಿಂದ ಏನೋ ತರುತ್ತಿದ್ದಳು. ನೋಡಿದರೆ ಒಂದು ಕಂಬಿ. ಕಾಗದ ಬಿಡಿಸಿದ ಮೇಲೆ ನಾಲ್ಕನ್ನೂ ಗುಜರಿಗೆ ಕೊಡಲು ಹೇಳಿದ್ದೆ. ಒಂದನ್ನು ಅವಳು ಇಟ್ಟುಕೊಂಡಿದ್ದಳು. ಬಂದವರು ತುಂಬಿಸಿ ಕೊಡುವ ಚೀಟಿಗಳನ್ನೆಲ್ಲ ಅದಕ್ಕೆ ಚುಚ್ಚಿ ಸ್ಟವ್‌ನ ಪಕ್ಕದ ಗೂಟಕ್ಕೆ ತೂಗಿಸಿದ್ದಳಂತೆ.

“ಬಯ್ಯಬೇಡಿ ಸಾರ್. ನಿಮ್ಮ ಫೈಲಿನಲ್ಲಿ ನನಗೆ ಹುಡುಕಲಿಕ್ಕೆ ಆಗುದಿಲ್ಲ. ಇದರಲ್ಲಾದರೆ ಯಾರ ಹಿಂದೆ ಯಾರು ಬಂದದ್ದು ಅಂತ ಕಣ್ಣು ಮುಚ್ಚಿ ಹೇಳ್ತೇನೆ.” ಆಮೇಲೆ ಅಮ್ಮನ ಕಡೆಗೆ ತಿರುಗಿ, “ಇದು ನಿಮ್ಮ ಮನೆಯದ್ದೇ ಅಮ್ಮ. ಕಂಬಿ ಉಂಟು, ಕಾಗದ ಇಲ್ಲ ಅಷ್ಟೆ,” ಎಂದಳು.

ಅಮ್ಮ ಅದನ್ನು ಕೈಗೆ ತೆಗೆದುಕೊಂಡರು. ಅಡಿಯ ಮರದ ಬಿಲ್ಲೆಯನ್ನು ತಿರುಗಿಸಿ ನೋಡಿದರು. ಅದರ ಅಂಚಿನಲ್ಲಿ ಒಂದು ಕಡೆ ತುಂಡಾಗಿತ್ತು.

“ಇದು ನಾನು ಬೀಳಿಸಿ ತುಂಡು ಮಾಡಿದ್ದು. ಅಪ್ಪ ಹೊಡೆದಿದ್ದರು. ಅಣ್ಣ ಅಡ್ಡ ಬಂದು ಅವನಿಗೂ ಎರಡು ಬಿತ್ತು,” ಎಂದು ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ನಾನು ಮೇಜಿನ ಹತ್ತಿರ ನಿಂತು, ಕಚೇರಿಯಲ್ಲಿ ವರದಿ ಒಪ್ಪಿಸುವ ಹಾಗೆಯೇ ಹೇಳಿದೆ: “ಅಮ್ಮ, ತಪ್ಪು ನನ್ನದು. ಬಿಡಿಸುವ ಮೊದಲು ಪ್ರತಿ ಕಾಗದಕ್ಕೂ ಕಂಬಿಯಲ್ಲಿದ್ದ ಹಾಗೆ ನಂಬರು ಹಾಕಬೇಕಿತ್ತು. ಹಾಕಲಿಲ್ಲ. ನಿಮ್ಮ ಕಾಗದ ಮೇಲೆ ಇತ್ತೋ ಕೆಳಗೆ ಇತ್ತೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗಲಿಕ್ಕಿಲ್ಲ. ನಾನು ನಿಮ್ಮ ಜೊತೆ ನರಿಮೊಗರಿಗೆ ಬರುತ್ತೇನೆ. ನಿಮ್ಮ ಅಣ್ಣನ ಎದುರು ಇದನ್ನೇ ಹೇಳುತ್ತೇನೆ.”

“ನೀವು ಬಂದು ಎಂತ ಆಗುದು?” ಅವರಲ್ಲಿ ಸಿಟ್ಟು ಕಾಣಲಿಲ್ಲ. “ಅವನಿಗೆ ಗೊತ್ತುಂಟು ಏನು ನಡೆದದ್ದು ಅಂತ. ಗೊತ್ತಿಲ್ಲದ್ದು ನನಗೆ. ಕಾಲು ಹಿಡಿಯುದಾ, ಮುಖ ತಿರುಗಿಸುದಾ? ಅದು ಗೊತ್ತಿಲ್ಲದೆ ಅವನ ಮಂಚದ ಹತ್ತಿರ ಹೋಗಿ ಎಂತ ಮಾಡುದು ಹೇಳಿ?”

“ಸುಮ್ಮನೆ ಕೂತರೂ ಸಾಕು ಅತ್ತೆ,” ಎಂದರು ಅಣ್ಣನ ಮಗಳು.

“ಸುಮ್ಮನೆ ಕೂರಲಿಕ್ಕೆ ಐವತ್ತು ವರ್ಷದ ಹಿಂದೆಯೇ ಬರಬಹುದಿತ್ತಲ್ಲ. ಅಪ್ಪ ಕರೆದಾಗ ಎದ್ದು ಹೋಗಿ ಕಂಬಿ ನೋಡಿದ್ದರೆ ಮುಗಿಯುತ್ತಿತ್ತು. ಅದು ಅಲ್ಲೇ ಉಂಟಲ್ಲ, ಎಲ್ಲಿಗೆ ಹೋಗ್ತದೆ ಅಂತ ಬಿಟ್ಟೆ.” ಮತ್ತೆ ನನ್ನ ಕಡೆ ನೋಡಿ, “ನಿಮ್ಮದೊಂದೇ ಅಲ್ಲ ತಪ್ಪು,” ಎಂದರು.

ಸಮಾಧಾನಕ್ಕೆ ಹೇಳಿದ ಮಾತು. ಹಾಗೆಂದು ತಿಳಿದೂ ನಾನು ಅದನ್ನು ಹಿಡಿದುಕೊಳ್ಳಲು ನೋಡಿದೆ. ಹಿಡಿತಕ್ಕೆ ಬರಲಿಲ್ಲ. ಅವರು ನೋಡದೆ ಬಿಟ್ಟರೂ ಕಂಬಿ ಅಷ್ಟು ವರ್ಷ ತನ್ನ ಮಾತನ್ನು ಇಟ್ಟುಕೊಂಡು ಕಾದಿತ್ತು. ಅದರ ಬಾಯಿ ಮುಚ್ಚಿಸಿದ್ದು ನಾನು, ಅದೂ ಒಂದೇ ಮಧ್ಯಾಹ್ನದ ಕೆಲಸ.

ಅವರು ತಮ್ಮ ಕಾಗದವನ್ನು ಒಮ್ಮೆ ಓದಿದರು. ಮೂಲೆಯಲ್ಲಿದ್ದ ನನ್ನ ಪೆನ್ಸಿಲಿನ ಗುರುತನ್ನೂ ಓದಿರಬೇಕು. ಕಾಗದವನ್ನು ಹಿಂದಕ್ಕೆ ಕೊಟ್ಟರು. ಬೇಕಾದರೆ ಇಟ್ಟುಕೊಳ್ಳಿ ಎಂದು ಹೇಳಲು ನನಗೆ ಅಧಿಕಾರವಿಲ್ಲ, ಆದರೂ ಹೇಳಿದೆ. “ಬೇಡ. ಓದಬೇಕಾದವ ಓದಿಯಾಗಿದೆ. ಯಾವಾಗ ಅಂತ ಮಾತ್ರ ಗೊತ್ತಿಲ್ಲ,” ಎಂದರು.

ಹನ್ನೊಂದೂವರೆಗೆ ಹೊರಟರು. ನಾನು ಕಿಟಕಿಯಲ್ಲಿ ನಿಂತೆ. ಅಣ್ಣನ ಮಗಳು ತಮ್ಮ ಕಾರಿನ ಬಾಗಿಲು ತೆರೆದು ಹಿಡಿದು ಏನೋ ಹೇಳಿದರು, ಮತ್ತೆ ಹೇಳಿದರು. ಅಮ್ಮ ತಲೆಯಾಡಿಸಿ, ಬೆತ್ತವನ್ನು ಬಸ್‌ ನಿಲ್ದಾಣದ ಕಡೆಗೆ ಚಾಚಿ ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿ ಇಬ್ಬರೂ ಆ ಕಡೆಗೆ ನಡೆದರು. ಅಣ್ಣನ ಮಗಳು ಅವರ ತೋಳು ಹಿಡಿದಿದ್ದರು. ಆಮೇಲೆ ಒಬ್ಬರೇ ಮರಳಿ ಬಂದು ಕಾರಿನಲ್ಲಿ ಕೂತು, ಬಹಳ ಹೊತ್ತು ಹೊರಡದೆ ಇದ್ದರು. ಗುತ್ತಿಗಾರಿನ ದಾರಿಯ ಸುಳ್ಯದ ಬಸ್ಸು ಹೋಗುವ ಸದ್ದು ನನಗೂ ಕೇಳಿಸಿತು.

ಮಧ್ಯಾಹ್ನ ಒಂದಕ್ಕೆ ಊಟ ಮಾಡಬೇಕಿತ್ತು. ಮಾಡಲಿಲ್ಲ. ಸಹಾಯಕಿ ಬುತ್ತಿಯನ್ನು ಎರಡು ಬಾರಿ ಎದುರಿಗಿಟ್ಟು, ಮೂರನೆಯ ಬಾರಿ ತಾನೇ ತೆಗೆದು ಮುಚ್ಚಿದಳು.

ಆ ದಿನ ಮಧ್ಯಾಹ್ನದ ಕೆಲಸವೆಂದು ಕಡಬದ ಒಂದು ಮನೆಯಿಂದ ಬಂದ ಎರಡು ಕಂಬಿಗಳನ್ನು ಬಿಡಿಸಬೇಕೆಂದು ಹಿಂದಿನ ದಿನವೇ ಬರೆದಿಟ್ಟಿದ್ದೆ. ಗೋಣಿಯನ್ನು ತೆರೆದೆ. ಬಿಡಿಸಲಿಲ್ಲ. ಕಂಬಿಯಲ್ಲಿ ಇದ್ದ ಹಾಗೆಯೇ ಅಡಿಯಿಂದ ಒಂದೊಂದೇ ಮೂಲೆಯನ್ನು ಎತ್ತಿ ಪೆನ್ಸಿಲಿನಿಂದ ನಂಬರು ಹಾಕಿದೆ. ಎರಡು ಕಂಬಿ ಮುಗಿಯುವಾಗ ನಾಲ್ಕೂವರೆ. ಎರಡಕ್ಕೂ ಒಂದೊಂದು ಚೀಟಿ ಕಟ್ಟಿದೆ: ‘ಇದ್ದ ಹಾಗೆ ಇರಲಿ.’

ಆಮೇಲೆ ನರಿಮೊಗರಿನ ಪೆಟ್ಟಿಗೆ. ಅದರ ಮೊದಲ ಹಾಳೆಯಲ್ಲಿ ‘ಕ್ರಮಬದ್ಧವಾಗಿ ಜೋಡಿಸಲಾಗಿದೆ’ ಎಂದು ನಾನು ಬರೆದು ಸಹಿ ಹಾಕಿದ್ದೆ. ಅದರ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬರೆದೆ: ‘ಈ ಕಾಗದಗಳು ಕಂಬಿಯಲ್ಲಿ, ಬಂದ ಕ್ರಮದಲ್ಲಿ ಇದ್ದವು. ಗುರುತು ಮಾಡದೆ ಬಿಡಿಸಿದವನು ನಾನು. ಆ ಕ್ರಮ ಈಗ ತಿಳಿಯದು.’ ಸಹಿ, ದಿನಾಂಕ.

ಸಹಾಯಕಿ ಹೆಗಲ ಮೇಲಿನಿಂದ ಇಣುಕಿದಳು. “ನಿಮ್ಮ ತಪ್ಪನ್ನು ನೀವೇ ಬರೆದಿಟ್ಟರೆ ನಾಳೆ ಮೇಲಿನವರು ಕೇಳುದಿಲ್ಲವಾ ಸಾರ್?”

“ಕೇಳಲಿ,” ಎಂದೆ.

ಐದಕ್ಕೆ ಐದು ನಿಮಿಷ. ಒಂದು ಕೆಲಸ ಉಳಿದಿತ್ತು. ಬಂದವರ ಚೀಟಿಯ ಕೊನೆಯಲ್ಲಿ ‘ಸಿಕ್ಕಿತು’, ‘ಸಿಕ್ಕಲಿಲ್ಲ’ ಎಂದು ಎರಡು ಶಬ್ದ ಅಚ್ಚಾಗಿರುತ್ತವೆ. ಒಂದನ್ನು ಹೊಡೆದುಹಾಕಬೇಕು. ಅಮ್ಮನ ಚೀಟಿ ಬೆಳಗಿನಿಂದ ಮೇಜಿನ ಮೇಲೆಯೇ ಇತ್ತು. ಮೊದಲನೆಯ ಶಬ್ದವನ್ನು ಹೊಡೆದು ಸಹಾಯಕಿಗೆ ಕೊಟ್ಟೆ. ಅವಳು ಅದನ್ನು ಆ ಮನೆಯದ್ದೇ ಕಂಬಿಗೆ, ನಿನ್ನೆಯ ಚೀಟಿಯ ಮೇಲೆ, ಚುಚ್ಚಿ ಇಳಿಸಿದಳು. ನಾನು ದೀಪ ಆರಿಸಿ ಬಾಗಿಲಿಗೆ ಬೀಗ ಹಾಕಿದೆ.